ಗ್ಯಾಸ್ ಹಾಕಿಸುವ ಮೊದಲು: ಕರಾವಳಿಯ ಸೆಕೆಯಲ್ಲಿ ಕಾರಿನ ಏಸಿ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಆಯಿಯನ್ನು ಕೂರಿಸಿಕೊಂಡು ಸಿರ್ಸಿಯಿಂದ ಕಾರವಾರಕ್ಕೆ ಹೊರಟಿದ್ದೆ. ದೇವಿಮನೆ ಘಟ್ಟ ಇಳಿಯುವ ತನಕ ಏಸಿ ಚೆನ್ನಾಗಿಯೇ ಇತ್ತು. ಕುಮಟಾ ಹತ್ತಿರ ಬರುತ್ತಿದ್ದಂತೆ ತಂಪು ಕಮ್ಮಿಯಾಯಿತು. ಅಂಕೋಲಾ ಮುಟ್ಟುವಷ್ಟರಲ್ಲಿ ಬ್ಲೋವರ್ ನಾಲ್ಕರಲ್ಲಿದ್ದರೂ ಬರೀ ಗಾಳಿ. "ತಮಾ, ಕಿಟಕಿನಾದ್ರೂ ತೆಗೆಯೋ" ಅಂದಳು ಆಯಿ. ಅವಳ ಸೀರೆಯ ಸೆರಗು ಬೆವರಲ್ಲಿ ಒದ್ದೆಯಾಗಿತ್ತು.

ಆ ಬೇಸಿಗೆಯಲ್ಲಿ ಅದಾಗಲೇ ಎರಡು ಸಲ ಗ್ಯಾಸ್ ಹಾಕಿಸಿದ್ದೆ. ಮೂರನೇ ಸಲ ಬೇರೆ ಗ್ಯಾರೇಜಿಗೆ ಹೋದೆ. ಅಲ್ಲಿಯ ಹುಡುಗ ಒತ್ತಡ ಅಳೆಯುವ ಗೇಜ್ ಮುಟ್ಟಲೇ ಇಲ್ಲ. ಟಾರ್ಚ್ ಹಿಡಿದು ಬಂಪರಿನ ಸಂದಿಯಲ್ಲಿ ಇಣುಕಿದ. ಏಸಿಯ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರಿನ ಕೆಳಗಿನ ಮೂಲೆಯಲ್ಲಿ ಉಗುರಿನಷ್ಟು ಅಗಲದ ಒಂದು ಎಣ್ಣೆ ಕಲೆ. ಅದರ ಮೇಲೆ ಕೆಂಪು ಧೂಳು ಅಂಟಿಕೊಂಡು ಹಸಿ ಮಣ್ಣಿನ ಹಾಗೆ ಕಾಣುತ್ತಿತ್ತು. ಸುತ್ತಲಿನ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ. "ಗ್ಯಾಸ್ ಇಲ್ಲಿಂದ ಹೋಗ್ತಾ ಇದೆ ಸರ್. ಎಷ್ಟು ಸಲ ಹಾಕ್ಸಿದ್ರೂ ಅಷ್ಟೇ" ಅಂದ.

ಏಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ರಬ್ಬರ್ ಪೈಪಿನ ಮೂಲಕ ವರ್ಷಗಟ್ಟಲೆಯಲ್ಲಿ ಒಂದಿಷ್ಟು ಸೋರುವುದು ನಿಜ. ಆದರೆ ಒಂದೇ ಬೇಸಿಗೆಯಲ್ಲಿ ಎರಡು ಸಲ ಕಮ್ಮಿಯಾಯಿತು ಅಂದರೆ ಎಲ್ಲೋ ತೂತು ಇದೆ ಅಂತಲೇ ಅರ್ಥ. ಇನ್ನು ತಂಪು ಕಮ್ಮಿಯಾಗಲು ಗ್ಯಾಸೇ ಕಾರಣ ಆಗಬೇಕು ಅಂತಲೂ ಇಲ್ಲ. ನಮ್ಮ ಕಡೆ ಉಪ್ಪು, ತೇವ, ಕೆಂಪು ಧೂಳು, ಮರದ ಎಲೆ ಇವುಗಳ ಕಾಟವೇ ಜಾಸ್ತಿ. ಅದಕ್ಕೇ ಮನೆಯಂಗಳದಲ್ಲಿ ನಾವೇ ಮಾಡಬಹುದಾದ ಕೆಲಸವನ್ನು ಮೊದಲು ಹೇಳಿ, ಗ್ಯಾಸಿನ ಮಾತನ್ನು ಕೊನೆಗೆ ಇಟ್ಟಿದ್ದೇನೆ.

ನಮ್ಮ ಸೆಕೆಯ ಲೆಕ್ಕವೇ ಬೇರೆ

ಹುಬ್ಬಳ್ಳಿಯಲ್ಲಿ 38 ಡಿಗ್ರಿ ಬಿಸಿಲಿದ್ದರೂ ಕಾರು ಬೇಗ ತಂಪಾಗುತ್ತದೆ. ಕಾರವಾರದಲ್ಲಿ 32 ಡಿಗ್ರಿಗೇ ಏಸಿ ಏದುಸಿರು ಬಿಡುತ್ತದೆ. ಇದಕ್ಕೆ ಕಾರಣ ಗಾಳಿಯಲ್ಲಿರುವ ನೀರು. 32 ಡಿಗ್ರಿ ಬಿಸಿ, ಶೇಕಡಾ 75 ತೇವ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 25 ಗ್ರಾಂ ನೀರಿರುತ್ತದೆ. 38 ಡಿಗ್ರಿ ಇದ್ದು ತೇವ ಶೇಕಡಾ 25 ಮಾತ್ರ ಇರುವ ಒಣ ಹವೆಯಲ್ಲಿ 11–12 ಗ್ರಾಂ ಅಷ್ಟೇ.

ಏಸಿ ಗಾಳಿಯನ್ನು ತಂಪು ಮಾಡುವಾಗ ಈ ನೀರನ್ನೂ ಹಿಂಡಿ ತೆಗೆಯಬೇಕು. ಒಂದು ಗ್ರಾಂ ಆವಿಯನ್ನು ನೀರಾಗಿಸಲು ಬೇಕಾದ ಶ್ರಮದಲ್ಲಿ ಒಂದು ಘನ ಮೀಟರ್ ಗಾಳಿಯನ್ನು ಹೆಚ್ಚುಕಮ್ಮಿ 2 ಡಿಗ್ರಿ ಇಳಿಸಬಹುದು. ಅಂದರೆ ಕರಾವಳಿಯಲ್ಲಿ ಏಸಿಯ ಅರ್ಧಕ್ಕರ್ಧ ಶಕ್ತಿ ನೀರು ಹಿಂಡುವುದಕ್ಕೇ ಹೋಗುತ್ತದೆ. ಒಣ ಊರಿನಲ್ಲಿ ಗೊತ್ತೇ ಆಗದ ಸಣ್ಣ ದೋಷ ನಮ್ಮಲ್ಲಿ ಎದ್ದು ಕಾಣುವುದು ಇದಕ್ಕೇ. ನನ್ನ ಕಾರು ಸಿರ್ಸಿಯಲ್ಲಿ ಸರಿಯಿದ್ದು ಕೆಳಗೆ ಬಂದ ಮೇಲೆ ಸೋತದ್ದೂ ಹೀಗೆಯೇ.

ಹಂತ 1: ಮೊದಲು ಅಳೆಯಿರಿ

"ತಂಪು ಬರ್ತಿಲ್ಲ" ಅನ್ನುವುದು ಅಂದಾಜಿನ ಮಾತು. ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ತನ್ನಿ, ಅಡುಗೆಗೆ ಬಳಸುವ ಕಡ್ಡಿಯಂಥದ್ದೂ ಆದೀತು. ನೆರಳಲ್ಲಿ, ಬಯಲಿನಲ್ಲಿ ಕಾರು ನಿಲ್ಲಿಸಿ. ಶೆಡ್ಡಿನೊಳಗೆ ಬೇಡ. ಏಸಿ ಪೂರ್ತಿ ತಂಪಿಗೆ ತಿರುಗಿಸಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ, ಬ್ಲೋವರ್ ಮಧ್ಯಮದಲ್ಲಿಡಿ. ಗಾಜು ಏರಿಸಿ, ಎಂಜಿನ್ ಸುಮಾರು 1500 ಆರ್‌ಪಿಎಂನಲ್ಲಿ ಹತ್ತು ನಿಮಿಷ ಓಡಲಿ. ಥರ್ಮಾಮೀಟರನ್ನು ಡ್ಯಾಶ್‌ಬೋರ್ಡಿನ ನಡುವಿನ ಕಿಂಡಿಯೊಳಗೆ ತೂರಿಸಿ ಓದಿಕೊಳ್ಳಿ.

ಹೊರಗೆ 32–34 ಡಿಗ್ರಿ ಇರುವ ದಿನ ಒಳಗೆ 7ರಿಂದ 12 ಬಂದರೆ ಏಸಿ ಆರೋಗ್ಯವಾಗಿದೆ. 15 ದಾಟಿದರೆ ಎಲ್ಲೋ ತೊಂದರೆ ಇದೆ. ಒಂದು ಪುಸ್ತಕದಲ್ಲಿ ತಾರೀಕು, ಹೊರಗಿನ ಬಿಸಿ, ಕಿಂಡಿಯ ಬಿಸಿ ಬರೆದಿಡಿ. ಮುಂದಿನ ವರ್ಷ ಗ್ಯಾರೇಜಿನವರು ಏನೇ ಹೇಳಿದರೂ ನಿಮ್ಮ ಕೈಯಲ್ಲಿ ಲೆಕ್ಕ ಇರುತ್ತದೆ.

ಜೊತೆಗೇ ಯಾವಾಗ ಸೋಲುತ್ತದೆ ಅಂತಲೂ ಗಮನಿಸಿ. ಓಡುವಾಗ ತಂಪಿದ್ದು, ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಯಾದರೆ ಮುಂದಿನ ಫ್ಯಾನ್ ಅಥವಾ ಕಂಡೆನ್ಸರ್ ಮೇಲೆ ಅನುಮಾನ. ಮೊದಲ ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಗಾಳಿಯೇ ಕಮ್ಮಿಯಾದರೆ, ಡ್ಯಾಶ್‌ಬೋರ್ಡ್ ಒಳಗೆ ಗಾಳಿಯನ್ನು ತಂಪು ಮಾಡುವ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಏಸಿ ಹತ್ತು ನಿಮಿಷ ಆಫ್ ಮಾಡಿದಾಗ ಮತ್ತೆ ಸರಿಯಾದರೆ ಅದು ಖಾತ್ರಿ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಕೆಲವೇ ಸೆಕೆಂಡಿಗೊಮ್ಮೆ ಟಕ್ ಟಕ್ ಅಂತ ಹಿಡಿದು ಬಿಡುತ್ತಿದ್ದರೆ ಮಾತ್ರ ಗ್ಯಾಸ್ ಕಮ್ಮಿಯಿರುವ ಸಾಧ್ಯತೆ ಜಾಸ್ತಿ.

ಹಂತ 2: ಕ್ಯಾಬಿನ್ ಫಿಲ್ಟರ್

ಒಳಗೆ ಬರುವ ಗಾಳಿಯ ಧೂಳು ಹಿಡಿಯುವ ಈ ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಬಾಕ್ಸಿನ ಎರಡೂ ಬದಿ ಒಳಕ್ಕೆ ಒತ್ತಿದರೆ ಅದು ಕೆಳಗೆ ಜೋತು ಬೀಳುತ್ತದೆ, ಹಿಂದಿನ ಮುಚ್ಚಳ ತೆಗೆದು ಫಿಲ್ಟರ್ ಎಳೆಯಿರಿ. ಗಾಳಿಯ ದಿಕ್ಕಿನ ಬಾಣದ ಗುರುತು ಯಾವ ಕಡೆ ಇತ್ತು ಅಂತ ಫೋಟೋ ತೆಗೆದುಕೊಳ್ಳಿ. ಕೆಲವು ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಜಾಗ ಇದ್ದರೂ ಫಿಲ್ಟರ್ ಹಾಕಿರುವುದಿಲ್ಲ. ಹಾಗಿದ್ದರೆ ಇವತ್ತೇ ಒಂದು ತಂದು ಹಾಕಿ. ಇಲ್ಲದಿದ್ದರೆ ಧೂಳೆಲ್ಲ ನೇರ ಕೂಲಿಂಗ್ ಕಾಯಿಲ್ ಮೇಲೆ ಕೂರುತ್ತದೆ.

10,000 ಕಿಲೋಮೀಟರಿಗೊಮ್ಮೆ ಬದಲಿಸಿ ಅನ್ನುವುದು ಸಾಮಾನ್ಯ ಸಲಹೆ. ನಮ್ಮಲ್ಲಿ ಮಳೆಗಾಲ ಮುಗಿದ ಕೂಡಲೇ ಬದಲಿಸುವುದು ಒಳ್ಳೆಯದು, ಕಿಲೋಮೀಟರ್ ಎಷ್ಟೇ ಆಗಿರಲಿ. ನಾಲ್ಕು ತಿಂಗಳು ಒದ್ದೆಯಾಗಿದ್ದ ಕಾಗದದ ಫಿಲ್ಟರಿನಲ್ಲಿ ಬೂಷ್ಟು ಹಿಡಿಯದೆ ಇರುವುದಿಲ್ಲ. ತೊಳೆದು ಮತ್ತೆ ಹಾಕಬೇಡಿ. ಸಿರ್ಸಿ, ಯಲ್ಲಾಪುರದ ಕಡೆ ತೋಟದ ಮನೆಯಲ್ಲಿ ಕಾರು ನಿಲ್ಲಿಸುವವರು ತಿಂಗಳಿಗೊಮ್ಮೆ ಇಣುಕಿ ನೋಡಿ. ಅಡಿಕೆ ಸಿಪ್ಪೆಯ ನಾರು ತಂದು ಇಲಿ ಅಲ್ಲೇ ಗೂಡು ಕಟ್ಟಿರುತ್ತದೆ. ಆಗ ಫಿಲ್ಟರ್ ಜೊತೆಗೆ ಬ್ಲೋವರಿನ ವೈರನ್ನೂ ನೋಡಬೇಕು.

ಹಂತ 3: ದರಕು (ಒಣ ಎಲೆ) ತೆಗೆಯಿರಿ, ನೀರಿನ ದಾರಿ ಬಿಡಿಸಿ

ಬಾನೆಟ್ ಎತ್ತಿ, ವೈಪರಿನ ಬುಡದ ಜಾಲರಿ ನೋಡಿ. ಹೊರಗಿನ ಗಾಳಿ ಒಳಗೆ ಬರುವುದು ಅಲ್ಲಿಂದ. ಹಲಸು, ಮಾವಿನ ಮರದ ಕೆಳಗೆ ನಿಲ್ಲಿಸುವ ಕಾರಾದರೆ ಒಂದು ಹಿಡಿ ದರಕು ಸಿಗುವುದು ಖಂಡಿತ. ಅದು ಮಳೆಯಲ್ಲಿ ಕೊಳೆತು ಕಪ್ಪು ಗೊಬ್ಬರವಾಗಿ ಒಳಗೆ ಇಳಿಯುತ್ತದೆ. ಕೈಯಿಂದಲೇ ಬಾಚಿ ತೆಗೆಯಿರಿ.

ಇನ್ನು ಏಸಿಯಿಂದ ನೀರು ಹೊರಗೆ ಹೋಗುವ ಸಣ್ಣ ರಬ್ಬರ್ ಪೈಪ್. ಹೆಚ್ಚಾಗಿ ಎಡಗಡೆ ಸೀಟಿನ ಮುಂದೆ, ಎಂಜಿನ್ ಹಿಂದಿನ ಗೋಡೆಯ ಕೆಳಭಾಗದಲ್ಲಿ ಇರುತ್ತದೆ. ಸೆಕೆಯ ದಿನ ಹತ್ತು ನಿಮಿಷ ಏಸಿ ಓಡಿಸಿ ಕೆಳಗೆ ಬಗ್ಗಿ ನೋಡಿ. ಕಾರವಾರದ ಹವೆಯಲ್ಲಿ ನೀರು ತೊಟ್ಟಿಕ್ಕಲೇಬೇಕು. ತೊಟ್ಟಿಕ್ಕದಿದ್ದರೆ ಒಂದೋ ಏಸಿ ತಂಪಾಗುತ್ತಿಲ್ಲ, ಇಲ್ಲವೋ ಪೈಪ್ ಕಟ್ಟಿಕೊಂಡಿದೆ. ಎಡಗಡೆಯ ಕಾರ್ಪೆಟ್ ಕೆಳಗೆ ಕೈ ಹಾಕಿ, ಒದ್ದೆಯಿದ್ದರೆ ಪೈಪೇ ಕಾರಣ. ತಿರುವಿನಲ್ಲಿ ಡ್ಯಾಶ್‌ಬೋರ್ಡ್ ಒಳಗೆ ಬುಳುಬುಳು ಸದ್ದು ಕೇಳಿದರೂ ಅದೇ.

ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಪೈಪಿನ ತುದಿಯನ್ನು ಬೆರಳಲ್ಲಿ ಹಿಸುಕಿ. ಲೋಳೆಯಂಥ ಕೆಸರು ಹೊರಗೆ ಬರುತ್ತದೆ. ಸೈಕಲ್ ಕಡ್ಡಿ, ತಂತಿ ಹಾಕಿ ಚುಚ್ಚಬೇಡಿ. ಒಳಗೆ ಕೂಲಿಂಗ್ ಕಾಯಿಲ್ ಇದೆ, ಅದು ತೂತಾದರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ. ಮೆತ್ತಗಿನ ಪ್ಲಾಸ್ಟಿಕ್ ನಳಿಗೆಯಿಂದ ಊದಿದರೆ ಸಾಕು.

ಹಂತ 4: ಕಂಡೆನ್ಸರ್ ತೊಳೆಯುವುದು

ಕರಾವಳಿಯ ಕಾರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಾರಿನ ಮುಖದ ಜಾಲರಿ ಹಿಂದೆ, ರೇಡಿಯೇಟರಿಗಿಂತ ಮುಂದೆ ಇರುವುದೇ ಕಂಡೆನ್ಸರ್. ಒಳಗಿನ ಬಿಸಿಯನ್ನೆಲ್ಲ ಹೊರಗೆ ಚೆಲ್ಲುವ ಕೆಲಸ ಅದರದ್ದು. ತೆಳ್ಳಗಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಗಾಳಿ ಆಡಿದರೆ ಮಾತ್ರ ಅದು ಸಾಧ್ಯ. ಹೆದ್ದಾರಿ 66ರಲ್ಲಿ ಮಾಜಾಳಿಯಿಂದ ಭಟ್ಕಳದವರೆಗೆ ಓಡಾಡುವ ಕಾರಿನ ರೆಕ್ಕೆಗಳ ನಡುವೆ ಕೆಂಪು ಧೂಳು, ಹುಳ, ಮರಳು ಎಲ್ಲ ಸಿಗುತ್ತದೆ. ಅದರ ಮೇಲೆ ಉಪ್ಪುಗಾಳಿಯ ತೇವ ಕೂತು, ಅಂಟಿನ ಹಾಗೆ ಗಟ್ಟಿಯಾಗುತ್ತದೆ. ಉಪ್ಪು ಅಲ್ಲೇ ಇದ್ದು ಅಲ್ಯೂಮಿನಿಯಂ ತಿನ್ನುತ್ತದೆ. ನನ್ನ ಕಾರಿನಲ್ಲಿ ಕಂಡ ಬಿಳಿ ಪುಡಿ ಅದೇ.

ಎಂಜಿನ್ ಪೂರ್ತಿ ತಣ್ಣಗಾಗಿರಲಿ, ಬೆಳಿಗ್ಗೆ ಎದ್ದ ಕೂಡಲೇ ಮಾಡಿದರೆ ಸಲೀಸು. ಕೀ ತೆಗೆದು ಕಿಸೆಗೆ ಹಾಕಿಕೊಳ್ಳಿ, ಏಕೆಂದರೆ ಫ್ಯಾನ್ ತಾನಾಗಿ ತಿರುಗಲೂಬಹುದು. ಮೊದಲು ಮೆತ್ತಗಿನ ಪೇಂಟ್ ಬ್ರಷ್‌ನಿಂದ ರೆಕ್ಕೆ ಇರುವ ದಿಕ್ಕಿನಲ್ಲೇ ಒಣ ಕಸ ಉದುರಿಸಿ. ಆಮೇಲೆ ಗಿಡಕ್ಕೆ ನೀರು ಹಾಕುವ ಸಾದಾ ಪೈಪಿನಿಂದ, ಜೋರು ಒತ್ತಡ ಇಲ್ಲದೆ, ನಿಧಾನಕ್ಕೆ ಮೇಲಿನಿಂದ ಕೆಳಗೆ ನೀರು ಬಿಡಿ. ಎಂಜಿನ್ ಕಡೆಯಿಂದ ಹೊರಮುಖವಾಗಿ ನೀರು ಬಿಡಲು ಜಾಗ ಇದ್ದರೆ ಇನ್ನೂ ಒಳ್ಳೆಯದು, ಸಿಕ್ಕಿಕೊಂಡ ಕಸ ಬಂದ ದಾರಿಯಲ್ಲೇ ಹೋಗುತ್ತದೆ. ವಾಟರ್ ಸರ್ವಿಸಿನ ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಬಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅಷ್ಟು ಜಾಗದಲ್ಲಿ ಗಾಳಿ ನುಗ್ಗುವುದು ನಿಲ್ಲುತ್ತದೆ. ಜಿಡ್ಡಿದ್ದರೆ ಕಾರು ತೊಳೆಯುವ ಶಾಂಪೂ ತೆಳ್ಳಗೆ ಕಲಸಿ ಹಾಕಿ. ಆಸಿಡ್ ಇರುವ ಕ್ಲೀನರ್ ಬೇಡ. ಉಪ್ಪು ಬರೀ ನೀರಿಗೇ ಕರಗುತ್ತದೆ.

ಒಂದು ಮಾತು ಮರೆಯಬೇಡಿ. ಕಡಲಿಗೆ ಹತ್ತಿರ ಇರುವ ಎಷ್ಟೋ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಬಾಯಿಗೆ ಹಾಕಿ ನೋಡಿ. ಉಪ್ಪಿದ್ದರೆ ಆ ನೀರಲ್ಲಿ ತೊಳೆಯುವುದು ಬೇಡ, ನಳದ ಸಿಹಿ ನೀರನ್ನೇ ಬಳಸಿ.

ಕಡಲ ಬದಿಯಲ್ಲಿ ವಾಸವಿದ್ದರೆ ಮಳೆ ಇಲ್ಲದ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ತೊಳೆಯಿರಿ. ಘಟ್ಟದ ಮೇಲಿನವರಿಗೆ ವರ್ಷಕ್ಕೆ ಎರಡು ಸಲ ಸಾಕು. ಕಾರನ್ನು ಬೀಚಿನ ಮರಳಿಗೆ ಇಳಿಸುವ ಆಸೆ ಬೇಡ. ಇಳಿಸಿದ್ದರೆ ಅದೇ ದಿನ ಸಂಜೆ ತೊಳೆಯಿರಿ.

ತೊಳೆಯುವಾಗಲೇ ಕೆಳಗಿನ ಮೂಲೆಗಳು, ಪೈಪ್ ಸೇರುವ ಜಾಗ ಎಲ್ಲವನ್ನೂ ಟಾರ್ಚ್ ಹಾಕಿ ನೋಡಿ. ಗ್ಯಾಸ್ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ, ಸೋರುವ ಜಾಗದಲ್ಲಿ ಧೂಳು ಒದ್ದೆಯಾಗಿ ಅಂಟಿರುತ್ತದೆ. ಆ ಎಣ್ಣೆ ಕಲೆ ಕಂಡರೆ ತೊಳೆದು ಅಳಿಸಬೇಡಿ. ಫೋಟೋ ತೆಗೆದು ಗ್ಯಾರೇಜಿನವರಿಗೆ ತೋರಿಸಿ.

ಹಂತ 5: ಫ್ಯಾನ್

ಎಂಜಿನ್ ಚಾಲೂ ಮಾಡಿ ಏಸಿ ಹಾಕಿ, ಬಾನೆಟ್ ಎತ್ತಿ ದೂರದಿಂದ ನೋಡಿ. ಒಂದೆರಡು ನಿಮಿಷದೊಳಗೆ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಆಮೇಲೆ ಮೋಟರ್ ನೋಡಿಸಿ. ನಮ್ಮ ಕಡೆ ಉಪ್ಪಿನ ತೇವಕ್ಕೆ ಕನೆಕ್ಟರಿನ ಒಳಗೆ ಹಸಿರು ಕಿಲುಬು ಹಿಡಿದು ಕರೆಂಟ್ ಹೋಗದೆ ಇರುವುದೂ ಉಂಟು. ಅದನ್ನು ಒರೆಸಿದರೆ ಎಷ್ಟೋ ಸಲ ಹೊಸ ಮೋಟರೇ ಬೇಕಾಗುವುದಿಲ್ಲ.

ಹಂತ 6: ವಾಸನೆ

ಏಸಿ ಹಾಕಿದ ಕೂಡಲೇ ಒದ್ದೆ ಸಾಕ್ಸಿನ ವಾಸನೆ ಬರುತ್ತದೆ ಅಲ್ವಾ? ಅದು ಕೂಲಿಂಗ್ ಕಾಯಿಲ್ ಮೇಲಿನ ಬೂಷ್ಟು. ಡ್ಯಾಶ್‌ಬೋರ್ಡಿನ ಮೇಲೆ ಸೆಂಟಿನ ಡಬ್ಬಿ ಇಟ್ಟರೆ ಹೋಗುವುದಿಲ್ಲ. ಕಾಯಿಲ್ ಯಾವಾಗಲೂ ಒದ್ದೆ, ಸುತ್ತ ಕತ್ತಲೆ, ಮೇಲೆ ತೆಳ್ಳಗೆ ಧೂಳು. ಬೂಷ್ಟು ಬೆಳೆಯಲು ಇನ್ನೇನು ಬೇಕು?

ಇದಕ್ಕೆ ಖರ್ಚಿಲ್ಲದ ಒಂದು ಅಭ್ಯಾಸ ಇದೆ. ಮನೆ ಮುಟ್ಟಲು ಐದು ನಿಮಿಷ ಇರುವಾಗ ಏಸಿ ಬಟನ್ ಮಾತ್ರ ಆಫ್ ಮಾಡಿ, ಬ್ಲೋವರ್ ಓಡಲಿ, ಹೊರಗಿನ ಗಾಳಿ ಬರಲಿ. ಕಾಯಿಲ್ ಮೇಲಿನ ನೀರು ಒಂದಷ್ಟು ಆರುತ್ತದೆ. ಅಂಕೋಲೆಯಿಂದ ಬರುವಾಗ ನಾನು ಬಿಣಗಾ ದಾಟಿದ ಕೂಡಲೇ ಬಟನ್ ಒತ್ತುತ್ತೇನೆ. ಈಗ ಕೈ ತಾನಾಗಿಯೇ ಹೋಗುತ್ತದೆ.

ವಾಸನೆ ಈಗಾಗಲೇ ಹಿಡಿದಿದ್ದರೆ ಅಂಗಡಿಯಲ್ಲಿ ಸಿಗುವ ಕಾಯಿಲ್ ಕ್ಲೀನರ್ ನೊರೆ ತನ್ನಿ. ಎಂಜಿನ್ ಆಫ್ ಇರಲಿ. ಫಿಲ್ಟರ್ ತೆಗೆದು, ಡಬ್ಬಿಯ ಜೊತೆ ಬರುವ ನಳಿಗೆಯನ್ನು ಕಾಯಿಲ್ ಕಡೆ ತೂರಿಸಿ ನೊರೆ ಬಿಡಿ. ಬ್ಲೋವರ್ ಮೋಟರಿಗೆ, ವೈರಿಗೆ ತಾಗದಂತೆ ನೋಡಿಕೊಳ್ಳಿ. 20 ನಿಮಿಷ ಬಿಟ್ಟರೆ ಕೊಳೆಯ ಜೊತೆ ಕೆಳಗಿನ ಪೈಪಿನಿಂದ ಇಳಿಯುತ್ತದೆ. ಆಮೇಲೆ ಎಲ್ಲ ಬಾಗಿಲು ತೆರೆದಿಟ್ಟು ಹತ್ತು ನಿಮಿಷ ಬ್ಲೋವರ್ ಓಡಿಸಿ, ಹೊಸ ಫಿಲ್ಟರ್ ಹಾಕಿ. ಮೊದಲು ಪೈಪ್ ಬಿಡಿಸಿಕೊಂಡಿರಬೇಕು, ಇಲ್ಲದಿದ್ದರೆ ಇದೆಲ್ಲ ಕಾರ್ಪೆಟ್ ಮೇಲೆ.

ಮೀನು ಮಾರ್ಕೆಟಿನಿಂದ ಬಂಗಡೆ ತರುವವರು ಮುಚ್ಚಳ ಬಿಗಿಯಾಗಿರುವ ಡಬ್ಬಿ ಬಳಸಿ, ಆ ಹೊತ್ತು ಹೊರಗಿನ ಗಾಳಿ ಬಿಡಿ. ಒಳಗಿನ ಗಾಳಿಯೇ ಸುತ್ತಿದರೆ ಮೀನಿನ ವಾಸನೆ ಒದ್ದೆ ಕಾಯಿಲ್ ಹಿಡಿದು ವಾರಗಟ್ಟಲೆ ಬಿಡುವುದಿಲ್ಲ. ವಾಸನೆ ಸಿಹಿಯಾಗಿದ್ದು ಗಾಜಿಗೆ ಜಿಡ್ಡು ಮಂಜು ಕಟ್ಟುತ್ತಿದ್ದರೆ ಅದು ಬೂಷ್ಟಲ್ಲ, ಹೀಟರಿನಿಂದ ಕೂಲಂಟ್ (ಎಂಜಿನ್ ತಣಿಸುವ ದ್ರವ) ಸೋರುತ್ತಿದೆ. ತಡ ಮಾಡದೆ ಗ್ಯಾರೇಜಿಗೆ ಹೋಗಿ.

ಹಂತ 7: ಈಗ ಗ್ಯಾಸ್

ಇಷ್ಟೆಲ್ಲ ಮಾಡಿ ಮತ್ತೆ ಅಳೆಯಿರಿ. ಆಗಲೂ 15ರ ಮೇಲಿದ್ದರೆ ಗ್ಯಾರೇಜಿಗೆ ಹೊರಡಿ. ಗ್ಯಾಸಿನ ಕೆಲಸ ಮನೆಯಲ್ಲಿ ಬೇಡ. ಹೆಚ್ಚಿನ ಕಾರುಗಳ ಏಸಿಯಲ್ಲಿರುವುದು ಆರ್-134ಎ ಅನ್ನುವ ಗ್ಯಾಸ್, ಹೊರಗೆ ಬಂದರೆ ಅದು ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಚರ್ಮಕ್ಕೆ, ಕಣ್ಣಿಗೆ ತಾಗಿದರೆ ಸುಟ್ಟಂಥ ಗಾಯ ಆಗುತ್ತದೆ.

ಬಾನೆಟ್ ಒಳಗೆ ಒಂದು ಸ್ಟಿಕ್ಕರ್ ಇರುತ್ತದೆ. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಅದರಲ್ಲಿ ಬರೆದಿರುತ್ತದೆ. ಸಣ್ಣ ಕಾರಿನಲ್ಲಿ ಸಾಮಾನ್ಯವಾಗಿ 400–500 ಗ್ರಾಂ ಆಸುಪಾಸು. ಅಷ್ಟರಲ್ಲಿ 50 ಗ್ರಾಂ ಹೆಚ್ಚುಕಮ್ಮಿಯಾದರೂ ತಂಪಿನಲ್ಲಿ ಗೊತ್ತಾಗುತ್ತದೆ. ಜಾಸ್ತಿ ತುಂಬಿದರೆ ಜಾಸ್ತಿ ತಂಪು ಅನ್ನುವುದು ತಪ್ಪು. ಒತ್ತಡ ಏರಿ ತಂಪು ಕಮ್ಮಿಯಾಗುತ್ತದೆ, ಕಂಪ್ರೆಸರಿಗೂ ಪೆಟ್ಟು. ಅದಕ್ಕೇ ಗೇಜ್ ನೋಡಿ "ಸ್ವಲ್ಪ ಟಾಪಪ್ ಮಾಡ್ತೇನೆ" ಅನ್ನುವ ಕಡೆ ಒಪ್ಪಬೇಡಿ. ಇದ್ದದ್ದನ್ನು ಮೆಷಿನ್ನಿನಲ್ಲಿ ಪೂರ್ತಿ ತೆಗೆದು, ತೂಕ ಮಾಡಿ ಹಾಕಬೇಕು.

ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತು, ಬೇಜಾರು ಮಾಡದ ಹಾಗೆ ಕೇಳಿ: "ಅಣ್ಣಾ, ಒಳಗಿಂದ ಎಷ್ಟು ಗ್ರಾಂ ಬಂತು? ಲೀಕ್ ಎಲ್ಲಿದೆ?" 450ರಲ್ಲಿ 430 ಬಂದಿದ್ದರೆ ಗ್ಯಾಸ್ ಸಮಸ್ಯೆಯೇ ಅಲ್ಲ. 200 ಬಂದಿದ್ದರೆ ಲೀಕ್ ಹುಡುಕದೆ ಮತ್ತೆ ತುಂಬಲು ಬಿಡಬೇಡಿ. ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೋ ನೋಡಿ, ಸೋಪಿನ ನೊರೆ ಹಚ್ಚಿ ಗುಳ್ಳೆ ಹುಡುಕುವುದು ಒಳ್ಳೆಯ ದಾರಿ. ಕಂಡೆನ್ಸರ್, ಓ-ರಿಂಗ್ (ಪೈಪ್ ಸೇರುವಲ್ಲಿನ ರಬ್ಬರ್ ಬಳೆ), ಕಂಪ್ರೆಸರಿನ ಸೀಲ್, ಗ್ಯಾಸ್ ತುಂಬುವ ವಾಲ್ವ್ ಇವೇ ಸಾಮಾನ್ಯ ಜಾಗಗಳು. ವಾಲ್ವಿನ ಮುಚ್ಚಳ ಕಳೆದುಹೋಗಿದ್ದರೆ ಇವತ್ತೇ ಹಾಕಿಸಿ, ನಮ್ಮ ಗಾಳಿಗೆ ಒಳಗಿನ ಪಿನ್ ಬೇಗ ಹಾಳಾಗುತ್ತದೆ.

ಆಮೇಲೆ ವ್ಯಾಕ್ಯೂಮ್, ಅಂದರೆ ಪಂಪ್ ಹಾಕಿ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವುದು. ಇದನ್ನು ಹತ್ತೇ ನಿಮಿಷಕ್ಕೆ ಮುಗಿಸುವವರು ಇದ್ದಾರೆ. ನಮ್ಮ ತೇವದ ಊರಲ್ಲಿ ಅದು ಸಾಲದು. ಪೈಪ್ ಬಿಚ್ಚಿದ ಕೂಡಲೇ ತೇವ ಒಳಗೆ ನುಗ್ಗುತ್ತದೆ, ಕಂಪ್ರೆಸರಿನ ಎಣ್ಣೆಯೂ ನೀರು ಹೀರುತ್ತದೆ. ಒತ್ತಡ ಬಹಳ ಇಳಿದಾಗ ನೀರು 30 ಡಿಗ್ರಿಗೇ ಕುದಿದು ಆವಿಯಾಗಿ ಹೊರಬರುತ್ತದೆ, ಅದಕ್ಕೆ ಸಮಯ ಕೊಡಬೇಕು. ಕಮ್ಮಿ ಅಂದರೂ 30–45 ನಿಮಿಷ ಪಂಪ್ ಓಡಲಿ. ನಂತರ ಪಂಪ್ ಬಂದ್ ಮಾಡಿ ಹದಿನೈದು ನಿಮಿಷ ಗೇಜಿನ ಮುಳ್ಳು ಅಲುಗಾಡದೆ ನಿಂತಿರಬೇಕು. ಕಾರವಾರದಲ್ಲಿ ಮುಳ್ಳು ವ್ಯಾಕ್ಯೂಮಿನ 29 ಇಂಚಿನ (ಪಾದರಸದ ಅಳತೆ) ಆಚೆ ಹೋಗಬೇಕು. ಸಿರ್ಸಿ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿಯ ಒತ್ತಡವೇ ಕಮ್ಮಿ, ಮುಳ್ಳು 28ರ ಹತ್ತಿರವೇ ನಿಲ್ಲುತ್ತದೆ, ಅದರಲ್ಲಿ ಪಂಪಿನ ತಪ್ಪಿಲ್ಲ.

ಕಂಡೆನ್ಸರ್ ಬದಲಿಸಿದರೆ ಡ್ರೈಯರನ್ನೂ ಹೊಸದು ಹಾಕಿಸಿ. ತೇವ ಹಿಡಿದಿಡುವುದು ಅದೇ, ಹೆಚ್ಚು ಹೊತ್ತು ತೆರೆದಿಟ್ಟರೆ ಅದು ಕೆಲಸಕ್ಕೆ ಬಾರದು. ಲೀಕ್ ನಿಲ್ಲಿಸುವ ಡಬ್ಬಿಯ ಔಷಧಿ ಬೇಡ, ಸಣ್ಣ ದಾರಿಗಳನ್ನೇ ಮುಚ್ಚಿಬಿಡುತ್ತದೆ. ಅಗ್ಗ ಅಂತ ಅಡುಗೆ ಗ್ಯಾಸಿನ ಜಾತಿಯ ಗ್ಯಾಸ್ ತುಂಬಿಸಲಂತೂ ಹೋಗಬೇಡಿ. ಆರ್-134ಎಗೆ ಮಾಡಿದ ಕಾರಿನಲ್ಲಿ ಅದು ಸೋರಿ ಒಳಗೆ ಬಂದರೆ ಒಂದು ಕಿಡಿ ಸಾಕು.

ನನ್ನ ಕಾರಿಗೆ ಹೊಸ ಕಂಡೆನ್ಸರ್, ಡ್ರೈಯರ್ ಬಿದ್ದವು. ಎರಡು ಸಲ ಹಾಕಿಸಿದ ಗ್ಯಾಸಿನ ದುಡ್ಡು ನೀರಲ್ಲಿ ಹೋಯಿತು. ಕಿಂಡಿಯಲ್ಲಿ ಆ ದಿನ 9 ಡಿಗ್ರಿ ಬಂತು. ಎರಡು ಬೇಸಿಗೆ ಕಳೆದರೂ 10 ದಾಟಿಲ್ಲ.

ದಿನದ ಓಡಾಟದಲ್ಲಿ

ಬಿಸಿಲಲ್ಲಿ ನಿಂತ ಕಾರಿಗೆ ಹತ್ತಿದ ಕೂಡಲೇ ಗಾಜು ಮುಚ್ಚಿ ಏಸಿ ಹಾಕಬೇಡಿ. ಎಲ್ಲ ಗಾಜು ಇಳಿಸಿ ಒಂದೆರಡು ನಿಮಿಷ ಓಡಿಸಿ, ಬೆಂಕಿಯಂಥ ಗಾಳಿ ಹೊರಗೆ ಹೋಗಲಿ. ಆಮೇಲೆ ಗಾಜು ಏರಿಸಿ, ಒಳಗಿನ ಗಾಳಿ ಸುತ್ತುವ ಬಟನ್ ಒತ್ತಿ. ಒಮ್ಮೆ ನೀರು ಹಿಂಡಿದ ಗಾಳಿಯನ್ನೇ ಮತ್ತೆ ತಂಪು ಮಾಡುವುದು ಸುಲಭ. ಸೆಕೆಯಲ್ಲಿ ಹೊರಗಿನ ಗಾಳಿ ಬಿಟ್ಟುಕೊಂಡು ಓಡಿಸಿದರೆ ಏಸಿ ಸುಮ್ನೆ ಕಡಲ ಗಾಳಿಯ ನೀರು ಹಿಂಡುತ್ತಲೇ ಇರುತ್ತದೆ. ದೂರದ ಓಡಾಟದಲ್ಲಿ ಮಾತ್ರ ಅರ್ಧ ಗಂಟೆಗೊಮ್ಮೆ ಕೆಲ ನಿಮಿಷ ಹೊರಗಿನ ಗಾಳಿ ಬೇಕು, ಇಲ್ಲದಿದ್ದರೆ ತೂಕಡಿಕೆ ಬರುತ್ತದೆ. ಮುಂದಿನ ಗಾಜಿಗೆ ಒಳಗಿನಿಂದ ಒಂದು ಬೆಳ್ಳಿ ಹಾಳೆಯ ಪರದೆ ಇಟ್ಟರೂ ಡ್ಯಾಶ್‌ಬೋರ್ಡ್ ಕಾಯುವುದು ಕಮ್ಮಿಯಾಗುತ್ತದೆ. ನೆರಳು ಹುಡುಕಿಕೊಂಡು ತೆಂಗಿನ ಮರದ ಕೆಳಗೆ ಮಾತ್ರ ನಿಲ್ಲಿಸಬೇಡಿ.

ಗೋಕರ್ಣದ ಶಿವರಾತ್ರಿ ತೇರಿನ ಹೊತ್ತಿಗೆ ಸೆಕೆ ಶುರುವಾಗುತ್ತದೆ. ಅದಕ್ಕಿಂತ ಮೊದಲು ಕಂಡೆನ್ಸರ್ ತೊಳೆದು ಅಳತೆ ಮಾಡಿಟ್ಟರೆ ಏಪ್ರಿಲಿನಲ್ಲಿ ಗ್ಯಾರೇಜಿನ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಓಡಿಸಿ, ಕಂಪ್ರೆಸರಿನ ಸೀಲಿಗೆ ಎಣ್ಣೆ ತಾಗುತ್ತಿರಬೇಕು.

ಏಸಿ ಹಾಕಿಕೊಂಡು ನಿಂತ ಕಾರಿನಲ್ಲಿ ನಿದ್ದೆ ಮಾಡಬೇಡಿ, ಶೆಡ್ಡಿನೊಳಗಂತೂ ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದಿಲ್ಲ.

ಮಳೆಗಾಲದಲ್ಲಿ ಏಸಿಯ ಕೆಲಸ ಬೇರೆ. ಗಾಜಿನ ಒಳಗೆ ಮಂಜು ಕಟ್ಟಿದರೆ ಏಸಿ ಹಾಕಿ, ಹೊರಗಿನ ಗಾಳಿ ಬಿಟ್ಟು, ತಂಪಿನ ಗುಂಡಿಯನ್ನು ಸ್ವಲ್ಪ ಬಿಸಿ ಕಡೆ ತಿರುಗಿಸಿ ಗಾಜಿಗೆ ಊದಿಸಿ. ಒಣ ಗಾಳಿ ತಾಗಿ ನಿಮಿಷದಲ್ಲಿ ತಿಳಿಯಾಗುತ್ತದೆ. ಆದರೆ ಜುಲೈಯಲ್ಲಿ ದೇವಿಮನೆ ಘಟ್ಟ ಏರುವಾಗ ಎಷ್ಟು ಊದಿಸಿದರೂ ಗಾಜು ಮತ್ತಷ್ಟು ಮಸುಕಾದರೆ ಗಾಬರಿಯಾಗಬೇಡಿ. ಬೆರಳಿಂದ ಒಳಗೆ ಉಜ್ಜಿ ನೋಡಿ. ಹೋಗದಿದ್ದರೆ ಮಂಜು ಹೊರಗಿದೆ, ನಿಮ್ಮ ಏಸಿಯೇ ಗಾಜನ್ನು ತಣ್ಣಗೆ ಮಾಡಿ ಹೊರಗಿನ ತೇವವನ್ನು ಅದರ ಮೇಲೆ ಕೂರಿಸುತ್ತಿದೆ. ಗಾಳಿಯನ್ನು ಗಾಜಿನಿಂದ ಕಾಲಿನ ಕಡೆ ತಿರುಗಿಸಿ, ತಂಪು ಕಮ್ಮಿ ಮಾಡಿ, ವೈಪರ್ ಒಂದು ಸಲ ಆಡಿಸಿ. ಮುಂದಿನ ತಿರುವು ಕಾಣುತ್ತದೆ.